ನೆಲ ಎಲ್ಲಿ, ಮಹಡಿ ಎಲ್ಲಿ: ಎಣಿಕೆ ತಪ್ಪಿಸುವವರಿಗೆ ಪ್ರತ್ಯುತ್ತರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಯಾವ ಊರಿನ ಪೇಟೆಬೀದಿಯಲ್ಲಾದರೂ ನಿಂತು, ಹೊಸದಾಗಿ ಎದ್ದ ಒಂದು ಕಟ್ಟಡ ತೋರಿಸಿ, ಇದು ಎಷ್ಟಂತಸ್ತಿನದು ಎಂದು ಕೇಳಿ ನೋಡಿ. ಮಾಲೀಕರು ಮೂರು ಎನ್ನುತ್ತಾರೆ. ಸ್ಲ್ಯಾಬ್ ಹಾಕಿದ ಮೇಸ್ತ್ರಿ ಐದು ಎನ್ನುತ್ತಾನೆ. ತಾರಸಿಯ ತಗಡಿನ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗ ಆರು ಎನ್ನುತ್ತಾನೆ. ದಿನಾ ಹತ್ತಿ ಇಳಿಯುವವನು ಅವನೇ. ಕಚೇರಿಯ ಕಡತದಲ್ಲಿರುವ ನಕ್ಷೆ ಇನ್ನೊಂದು ಸಂಖ್ಯೆ ಹೇಳುತ್ತದೆ. ಒಂದೇ ಕಟ್ಟಡ, ನಾಲ್ಕು ಉತ್ತರ. ಯಾರೂ ಸುಳ್ಳು ಹೇಳುತ್ತಿಲ್ಲ ಎಂದು ಎಲ್ಲರೂ ಪ್ರಮಾಣ ಮಾಡುತ್ತಾರೆ.

ನನ್ನ ವಾದ ಚಿಕ್ಕದು. ನೆಲದೊಳಗಿರಲಿ, ಕಂಬಗಳ ನಡುವೆ ಬಯಲಾಗಿರಲಿ, ತಾರಸಿಯ ಮೇಲೆ ತಗಡು ಹೊದ್ದಿರಲಿ, ಮನುಷ್ಯ ನಿಲ್ಲುವ, ವಾಹನ ನಿಲ್ಲುವ, ಸರಕು ಪೇರಿಸುವ ಪ್ರತಿಯೊಂದು ಮಟ್ಟವನ್ನೂ ಕೆಳಗಿನಿಂದ ಎಣಿಸಬೇಕು. ಯಾವ ಮಟ್ಟದ ಉಪಯೋಗ ಏನೆಂದು ನಕ್ಷೆಯಲ್ಲಿ ಬರೆದಿರಬೇಕು. ಇದನ್ನು ಒಪ್ಪದವರು ಹಲವರಿದ್ದಾರೆ. ಕಟ್ಟಿಸುವವರಿದ್ದಾರೆ, ನಕ್ಷೆ ಬರೆದುಕೊಡುವವರಿದ್ದಾರೆ, ಅವರ ಪರವಾಗಿ ಮಾತಾಡುವ ಹಿರಿಯರೂ ಇದ್ದಾರೆ. ಅವರ ವಾದಗಳನ್ನು ಒಂದೊಂದಾಗಿ, ಅವರು ಹೇಳುವ ಮಾತಿನಲ್ಲೇ ಇಟ್ಟು ಉತ್ತರಿಸುತ್ತೇನೆ. ತೀರ್ಪು ಓದುಗರದು.

ಮೊದಲು ಭಾಷೆಯ ಒಂದು ಗಂಟು ಬಿಡಿಸಬೇಕು. ಎದುರಾಳಿಗಳ ಅರ್ಧ ಬಲ ಆ ಗಂಟಿನಲ್ಲೇ ಇದೆ. ಕನ್ನಡದಲ್ಲಿ ನಮಗೆ ಎರಡು ಪದಗಳಿವೆ. ‘ಅಂತಸ್ತು’ ನೆಲದಿಂದ ಎಣಿಸುತ್ತದೆ: ಎರಡಂತಸ್ತಿನ ಮನೆ ಎಂದರೆ ಕೆಳಗೊಂದು, ಮೇಲೊಂದು. ‘ಮಹಡಿ’ ನೆಲವನ್ನು ಬಿಟ್ಟು ಎಣಿಸುತ್ತದೆ: ಒಂದನೇ ಮಹಡಿ ಎಂದರೆ ಮೆಟ್ಟಿಲು ಹತ್ತಿದ ಮೇಲೆ ಸಿಗುವುದು. ಇಂಗ್ಲಿಷರ ಗ್ರೌಂಡ್ ಫ್ಲೋರ್ ಬಂದ ಮೇಲೆ ಈ ಎರಡನೆಯ ಎಣಿಕೆಯೇ ನಮ್ಮ ಕಡತಗಳಲ್ಲಿ ಗಟ್ಟಿಯಾಗಿ ಕೂತಿತು. ಅಮೆರಿಕದಲ್ಲಿ ನೆಲದ ಮಟ್ಟವೇ ಒಂದನೇ ಫ್ಲೋರ್. ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಲೈಸೆನ್ಸ್ ಕೇಳುವಾಗ ಮಹಡಿಯ ಲೆಕ್ಕ, ಬಾಡಿಗೆ ಕೇಳುವಾಗ ಅಂತಸ್ತಿನ ಲೆಕ್ಕ ಹಿಡಿಯುವುದು ತಪ್ಪು. ಎಣಿಕೆಯ ಪದ್ಧತಿ ಯಾವುದಾದರೂ ಆಗಲಿ, ಮೊದಲಿನಿಂದ ಕೊನೆಯವರೆಗೆ ಅದೊಂದೇ ಇರಬೇಕು.

ಈಗ ಮೊದಲ ವಾದ, ಅವರ ಅತಿ ಪ್ರೀತಿಯ ವಾದ. “ಸ್ಟಿಲ್ಟ್ ಅಂತಸ್ತೇ ಅಲ್ಲ. ಅಲ್ಲಿ ಗೋಡೆಯಿಲ್ಲ, ಬಾಗಿಲಿಲ್ಲ, ಯಾರೂ ವಾಸವಿಲ್ಲ. ಬರೀ ಕಂಬ, ಕೆಳಗೆ ಗಾಡಿ. ಅದನ್ನು ಎಣಿಸುವುದು ಅನ್ಯಾಯ.” ಒಳ್ಳೆಯದು, ಅಂತಸ್ತು ಎಂದರೇನು ಎಂದು ಸಂಹಿತೆಯನ್ನೇ ಕೇಳೋಣ. ಭಾರತೀಯ ಮಾನಕ ಬ್ಯೂರೋ ಹೊರತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ಒಂದು ನೆಲದ ಮೇಲ್ಮೈಯಿಂದ ಅದರ ಮೇಲಿನ ನೆಲದ ಮೇಲ್ಮೈವರೆಗಿನ ಭಾಗವೇ ಅಂತಸ್ತು; ಮೇಲೆ ಇನ್ನೊಂದು ನೆಲ ಇಲ್ಲದಿದ್ದರೆ, ನೆಲದಿಂದ ಅದರ ಮೇಲಿನ ಚಾವಣಿವರೆಗಿನ ಭಾಗ. ಈ ವ್ಯಾಖ್ಯೆಯಲ್ಲಿ ಗೋಡೆ ಎಂಬ ಮಾತು ಎಲ್ಲಿದೆ? ಬಾಗಿಲು ಎಲ್ಲಿದೆ? ವಾಸ ಎಲ್ಲಿದೆ? ಕೆಳಗೊಂದು ನೆಲ, ಮೇಲೊಂದು ನೆಲ, ನಡುವೆ ಜಾಗ. ಅಷ್ಟೇ. ಸ್ಟಿಲ್ಟಿಗೆ ಮೂರೂ ಇವೆ. ಗೋಡೆಯ ಷರತ್ತನ್ನು ನಮ್ಮ ಎದುರಾಳಿಗಳು ತಮ್ಮ ಮನೆಯಿಂದ ತಂದು ಸೇರಿಸಿದ್ದಾರೆ.

ಇನ್ನೂ ಒಂದು ಸಾಕ್ಷಿ ಇದೆ. ಭೂಕಂಪ ತಡೆಯುವ ವಿನ್ಯಾಸಕ್ಕಾಗಿ ಇರುವ ಐಎಸ್ 1893 ಎಂಬ ಮಾನಕ, ಮೇಲಿನ ಅಂತಸ್ತಿಗಿಂತ ಬಿಗಿ ಕಡಿಮೆ ಇರುವ ಮಟ್ಟಕ್ಕೆ ‘ಸಾಫ್ಟ್ ಸ್ಟೋರಿ’, ಅಂದರೆ ಮೆತ್ತನೆಯ ಅಂತಸ್ತು ಎಂದು ಹೆಸರಿಟ್ಟಿದೆ. ಮೇಲೆಲ್ಲ ಇಟ್ಟಿಗೆ ಗೋಡೆ ತುಂಬಿ ಕೆಳಗೆ ಕಂಬ ಮಾತ್ರ ಬಿಟ್ಟ ಸ್ಟಿಲ್ಟ್ ಇದಕ್ಕೆ ನೇರ ಉದಾಹರಣೆ. 2001ರ ಜನವರಿ 26ರಂದು ಭುಜ್‌ನಲ್ಲಿ ಭೂಮಿ ಕಂಪಿಸಿದಾಗ, ಅಲ್ಲಿಂದ ಬಹುದೂರದ ಅಹಮದಾಬಾದಿನಲ್ಲಿ ಕುಸಿದ ಹಲವು ಅಪಾರ್ಟ್‌ಮೆಂಟುಗಳು ಇಂಥವೇ. ಕೆಳಗಿನ ಬಯಲು ಅಂತಸ್ತು ಮಡಿಚಿಕೊಂಡಿತು, ಮೇಲಿನವು ಅದರ ಮೇಲೆ ಕೂತವು. ನಮ್ಮ ಭಾಗ ಭೂಕಂಪದ ಅಪಾಯ ಕಡಿಮೆಯಿರುವ ಎರಡನೇ ವಲಯದಲ್ಲಿದೆ, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಇಲ್ಲಿರುವ ಪ್ರಶ್ನೆ ಸ್ಟಿಲ್ಟ್ ಅಂತಸ್ತು ಹೌದೋ ಅಲ್ಲವೋ ಎಂಬುದು. ಕಟ್ಟಡದಲ್ಲೇ ಅತಿ ದುರ್ಬಲ ಅಂತಸ್ತು ಎಂದು ಶಾಸ್ತ್ರ ಬೆರಳಿಟ್ಟು ತೋರಿಸುವುದನ್ನು, ಅಂತಸ್ತೇ ಅಲ್ಲ ಎಂದು ಇವರು ಎಣಿಕೆಯಿಂದ ಹೊರಗಿಡುತ್ತಾರೆ.

“ಯಾರೂ ವಾಸವಿಲ್ಲ, ಆದ್ದರಿಂದ ಅಪಾಯವಿಲ್ಲ” ಎಂಬುದು ಇದೇ ವಾದದ ಬಾಲ. ದೆಹಲಿಯ ಉಪಹಾರ್ ಚಿತ್ರಮಂದಿರ ನೆನಪಿರಲಿ. 1997ರ ಜೂನ್ 13ರಂದು ಬೆಂಕಿ ಹೊತ್ತಿದ್ದು ನೆಲಮಟ್ಟದ ಪಾರ್ಕಿಂಗ್ ಜಾಗದ ಟ್ರಾನ್ಸ್‌ಫಾರ್ಮರಿನಲ್ಲಿ. ಅಲ್ಲಿ ಯಾರೂ ವಾಸವಿರಲಿಲ್ಲ. ಹೊಗೆ ಮೆಟ್ಟಿಲ ದಾರಿ ಹಿಡಿದು ಮೇಲೇರಿತು. ಸತ್ತವರು 59 ಮಂದಿ, ಹೆಚ್ಚಿನವರು ಬಾಲ್ಕನಿಯಲ್ಲಿ ಸಿನಿಮಾ ನೋಡುತ್ತಿದ್ದವರು. ಪಾರ್ಕಿಂಗ್ ಮಟ್ಟ ಎಣಿಕೆಗೆ ಬಾರದಿದ್ದರೂ ಹೊಗೆ ಅದನ್ನು ದಾಟಿಯೇ ಮೇಲೆ ಬರುತ್ತದೆ.

ಇಲ್ಲಿ ಅವರು ತಮ್ಮ ದೊಡ್ಡ ಅಸ್ತ್ರ ತೆಗೆಯುತ್ತಾರೆ: “ಎಫ್‌ಎಆರ್ ಲೆಕ್ಕದಲ್ಲಿ ಸ್ಟಿಲ್ಟ್ ಬರುವುದಿಲ್ಲ. ಸರ್ಕಾರವೇ ಬಿಟ್ಟಿದೆ.” ನಿಜ, ಬಿಟ್ಟಿದೆ. ಆದರೆ ಎಫ್‌ಎಆರ್ ಎಂದರೆ ನಿವೇಶನದ ಅಳತೆಗೆ ಎಷ್ಟು ಪಟ್ಟು ನೆಲ ಕಟ್ಟಬಹುದು ಎಂಬ ವಿಸ್ತೀರ್ಣದ ಲೆಕ್ಕ. ಗಾಡಿಗಳು ಬೀದಿಗೆ ಬರದಿರಲಿ ಎಂದು ಆ ಲೆಕ್ಕದಲ್ಲಿ ಪಾರ್ಕಿಂಗಿಗೆ ರಿಯಾಯಿತಿ ಕೊಟ್ಟಿದ್ದಾರೆ. ಎತ್ತರದ ಲೆಕ್ಕ ಬೇರೆ, ಭಾರದ ಲೆಕ್ಕ ಬೇರೆ, ಬೆಂಕಿಯಿಂದ ಪಾರಾಗುವ ದಾರಿಯ ಲೆಕ್ಕ ಬೇರೆ. ಒಂದು ಲೆಕ್ಕದಲ್ಲಿ ಸಿಕ್ಕ ಮಾಫಿಯನ್ನು ನಾಲ್ಕೂ ಲೆಕ್ಕಕ್ಕೆ ಹಚ್ಚುವುದು, ಬೆಳೆಸಾಲ ಮನ್ನಾ ಆಯಿತೆಂದು ಅಂಗಡಿಯ ಸಾಲವನ್ನೂ ಕಟ್ಟುವುದಿಲ್ಲ ಎಂದಂತೆ. ಇವರ ಎಲ್ಲ ವಾದಗಳಲ್ಲೂ ಈ ಒಂದು ಜಿಗಿತವೇ ಮತ್ತೆ ಮತ್ತೆ ಬರುತ್ತದೆ. ಓದುಗರು ಅದರ ಮೇಲೆ ಕಣ್ಣಿಟ್ಟಿರಬೇಕೆಂದು ಕೋರುತ್ತೇನೆ.

ಕೂಡಿ ನೋಡೋಣ. ಸ್ಟಿಲ್ಟ್ ಸೇರಿ ಐದು ಮಟ್ಟ, ಪ್ರತಿಯೊಂದೂ ನೆಲದಿಂದ ನೆಲಕ್ಕೆ 10 ಅಡಿ. ಒಟ್ಟು 50 ಅಡಿ, ಅಂದರೆ 15.24 ಮೀಟರ್. ರಾಷ್ಟ್ರೀಯ ಸಂಹಿತೆಯಲ್ಲಿ 15 ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟದ್ದು ಬಹುಮಹಡಿ ಕಟ್ಟಡ. ಅಲ್ಲಿಂದ ಬೆಂಕಿ ಸುರಕ್ಷತೆಯ ನಿಯಮಗಳು ಬಿಗಿಯಾಗುತ್ತವೆ. ಸ್ಟಿಲ್ಟ್ ಬಿಟ್ಟು ಹೇಳಿದರೆ ಅದೇ ಕಟ್ಟಡ 40 ಅಡಿ, 12.2 ಮೀಟರ್. ಒಂದು ಕಲ್ಲೂ ಅಲುಗಾಡಲಿಲ್ಲ, ಕಟ್ಟಡ ಹತ್ತಡಿ ಕುಗ್ಗಿತು. ಎತ್ತರವನ್ನು ಸುತ್ತಲಿನ ನೆಲದ ಸರಾಸರಿ ಮಟ್ಟದಿಂದ ಅಳೆಯಬೇಕು ಎಂಬುದು ಸಂಹಿತೆಯ ಮಾತು. ಸ್ಟಿಲ್ಟಿನ ಚಾವಣಿಯಿಂದ ಅಳೆಯಿರಿ ಎಂದು ಅದು ಎಲ್ಲಿಯೂ ಹೇಳಿಲ್ಲ. ದೆಹಲಿಯ ಮಾಸ್ಟರ್ ಪ್ಲಾನ್ ನೋಡಿ: ವಾಸದ ನಿವೇಶನಗಳಲ್ಲಿ ಸ್ಟಿಲ್ಟ್ ಇಲ್ಲದಿದ್ದರೆ 15 ಮೀಟರ್, ಇದ್ದರೆ 17.5 ಮೀಟರ್ ಎಂದು ಅದು ಮಿತಿಯನ್ನು ಬಿಚ್ಚಿ ಬರೆದಿದೆ. ಅಲ್ಲಿ ರಿಯಾಯಿತಿ ಕೊಟ್ಟವರು ಸ್ಟಿಲ್ಟನ್ನು ಎಣಿಸಿಯೇ ಕೊಟ್ಟಿದ್ದಾರೆ.

2025ರಲ್ಲಿ ನಮ್ಮ ರಾಜ್ಯ ಸರ್ಕಾರ ಮಾಡಿದ ತೀರ್ಮಾನವನ್ನು ಇವರು ಈಚೆಗೆ ತಾಯಿತದಂತೆ ಕಟ್ಟಿಕೊಂಡು ತಿರುಗುತ್ತಿದ್ದಾರೆ. 1200 ಚದರಡಿವರೆಗಿನ ನಿವೇಶನದಲ್ಲಿ ‘ನೆಲ ಮತ್ತು ಎರಡು’ ಅಥವಾ ‘ಸ್ಟಿಲ್ಟ್ ಮತ್ತು ಮೂರು’ ಮಹಡಿಯ ವಾಸದ ಮನೆಗೆ ಸ್ವಾಧೀನಾನುಭವ ಪ್ರಮಾಣಪತ್ರದಿಂದ ವಿನಾಯಿತಿ. “ನೋಡಿ, ಎರಡನ್ನೂ ಸಮ ಮಾಡಿದರು, ಸ್ಟಿಲ್ಟ್ ಸೊನ್ನೆಯೆಂದು ಒಪ್ಪಿದರು” ಎಂಬುದು ಅವರ ಓದು. ಅವರ ಓದೇ ನಿಜವಾದರೆ ‘ಮೂರು ಮಹಡಿ’ ಎಂದು ಬರೆದರೆ ಸಾಕಿತ್ತು. ಸ್ಟಿಲ್ಟ್ ಎಂದು ಹೆಸರು ಹಿಡಿದು ಬರೆಯುವ ಅಗತ್ಯವೇ ಇರಲಿಲ್ಲ. ಹೆಸರು ಹಿಡಿದದ್ದು, ಅಲ್ಲೊಂದು ಮಟ್ಟ ಇದೆ, ಅದು ಪಾರ್ಕಿಂಗಾಗಿಯೇ ಉಳಿಯಬೇಕು ಎಂಬ ಕಾರಣಕ್ಕೆ. ಅದೇ ಸ್ಟಿಲ್ಟಿಗೆ ಶೆಟರ್ ಎಳೆದು ನಾಲ್ಕು ಅಂಗಡಿ ಮಾಡಿದ ದಿನ ಅದು ‘ನೆಲ ಮತ್ತು ಮೂರು’ ಆಯಿತು. ವಾಸದ ಮನೆಯೂ ಅಲ್ಲವಾಯಿತು. ವಿನಾಯಿತಿ ಎರಡು ಕಡೆಯಿಂದ ಬಿತ್ತು. ಸ್ಟಿಲ್ಟ್ ಸೊನ್ನೆ ಎನ್ನುವವರು ಆ ಸೊನ್ನೆಗೆ ತಿಂಗಳ ಬಾಡಿಗೆ ಯಾವ ಲೆಕ್ಕದಲ್ಲಿ ಎಣಿಸುತ್ತಾರೆ?

ಎರಡನೆಯ ವಾದ ನೆಲದೊಳಗಿನದು. “ಸೆಲ್ಲಾರ್ ಭೂಮಿಯೊಳಗಿದೆ. ಕಣ್ಣಿಗೆ ಕಾಣದ್ದನ್ನು ಎಣಿಸುವುದೇಕೆ?” ಮೊದಲನೆಯದಾಗಿ, ನಮ್ಮ ಊರುಗಳ ಸೆಲ್ಲಾರುಗಳು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತವೆ. ಸಂಹಿತೆಯ ಪ್ರಕಾರ ನೆಲಮಾಳಿಗೆಯ ಚಾವಣಿ ಸುತ್ತಲಿನ ನೆಲದಿಂದ ಕನಿಷ್ಠ 0.9 ಮೀಟರ್, ಗರಿಷ್ಠ 1.2 ಮೀಟರ್ ಮೇಲಿರಬೇಕು. ಅಂದರೆ ಮೂರಡಿಯಿಂದ ನಾಲ್ಕಡಿ. ಅಷ್ಟಾದರೂ ಮೇಲಿದ್ದರೆ ಗಾಳಿ ಬೆಳಕಿಗೆ ಕಿಂಡಿ ಬಿಡಬಹುದು. ಅದಕ್ಕಿಂತ ಮೇಲೆ ಹೋದರೆ ಅದು ನೆಲಮಾಳಿಗೆಯ ಹೆಸರಿನಲ್ಲಿ ನಿಂತ ಇನ್ನೊಂದು ಅಂತಸ್ತು. ಆರಡಿ ಮೇಲೆ, ಮೂರಡಿ ಕೆಳಗೆ ಇರುವ ಮಳಿಗೆಗಳನ್ನು ಸೆಲ್ಲಾರ್ ಎನ್ನುವವರಿಗೆ ಈ ನಾಲ್ಕಡಿಯ ಗೆರೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ಇಳಿಜಾರಿನ ಜಾಗದಲ್ಲಿ ಆಟ ಇನ್ನೂ ಸಲೀಸು. ಕೂಡ್ಲಿಗಿಯ ಕಡೆ ಬಂಡೆಗುಡ್ಡದ ನೆಲ; ಮುಂದಿನ ರಸ್ತೆ ಎತ್ತರ, ಹಿಂದಿನ ಓಣಿ ತಗ್ಗು ಇರುವುದು ಹೊಸದೇನಲ್ಲ. ರಸ್ತೆ ಕಡೆಯಿಂದ ನೋಡಿದರೆ ನೆಲದೊಳಗೆ, ಓಣಿ ಕಡೆಯಿಂದ ನೋಡಿದರೆ ಬಾಗಿಲಿರುವ ಪೂರಾ ಅಂತಸ್ತು. ಸಂಹಿತೆ ‘ಸರಾಸರಿ ಮಟ್ಟ’ ಎಂದದ್ದು ಇದಕ್ಕೇ. ಅಮೆರಿಕದ ಕಟ್ಟಡ ಸಂಹಿತೆ ಇನ್ನೂ ಬಿಗಿ: ನೆಲಮಾಳಿಗೆಯ ಮೇಲಿನ ನೆಲ ಸರಾಸರಿ ಮಟ್ಟಕ್ಕಿಂತ 6 ಅಡಿ ಮೀರಿದರೆ, ಅಥವಾ ಯಾವುದೇ ಒಂದು ಬಿಂದುವಿನಲ್ಲಿ ನೆಲದಿಂದ 12 ಅಡಿ ಮೀರಿದರೆ, ಅದು ನೆಲದ ಮೇಲಿನ ಅಂತಸ್ತೆಂದೇ ಲೆಕ್ಕ. ಎತ್ತರದ ಮೂಲೆಯಲ್ಲಿ ಟೇಪ್ ಹಿಡಿದು ಫೋಟೋ ತೆಗೆಸುವ ಜಾಣತನ ಅಲ್ಲಿ ನಡೆಯುವುದಿಲ್ಲ.

ಇನ್ನು ‘ಕಾಣದ್ದು ಎಣಿಕೆಗೇಕೆ’ ಎಂಬ ಮಾತು. 2024ರ ಜುಲೈ 27ರಂದು ದೆಹಲಿಯ ಹಳೇ ರಾಜಿಂದರ್ ನಗರದಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಕಾಗದದಲ್ಲಿ ಅದು ಸಾಮಾನು ಇಡುವ ಜಾಗ, ಮಕ್ಕಳಿಗೆ ಅದು ಗ್ರಂಥಾಲಯ. ನಮ್ಮ ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದರೊಳಗೆ ಕಟ್ಟಿದ ಗೋಡೆಯನ್ನು ವರ್ಷವಿಡೀ ದೂಡುತ್ತ, ಎಳೆಯುತ್ತ ಇರುತ್ತದೆ. ಇಂಥ ಮಣ್ಣಿನಲ್ಲಿ ನೆಲದೊಳಗಿನ ಮಟ್ಟವನ್ನು ಎಲ್ಲಕ್ಕಿಂತ ಮೊದಲು ಎಣಿಸಬೇಕು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಜೋಳ ತುಂಬುವ ಹಗೇವು ನೆಲದೊಳಗಿನ ಕೋಣೆಯೇ ತಾನೆ? ಬಾಯಿ ತೆಗೆದ ಕೂಡಲೇ ಅದರೊಳಗೆ ಯಾರನ್ನೂ ಇಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಮನುಷ್ಯ ಇಳಿಯುತ್ತಿದ್ದ. ನೆಲದೊಳಗಿನ ಜಾಗ ಜೀವ ತೆಗೆಯಬಲ್ಲದು ಎಂಬ ತಿಳಿವಳಿಕೆ ಅವರದು. ಪ್ರತಿ ನೆಲಮಾಳಿಗೆಗೂ ಪ್ರತ್ಯೇಕ ಗಾಳಿ ವ್ಯವಸ್ಥೆ ಬೇಕು ಎಂದು ಸಂಹಿತೆ ಇಂದು ಬರೆದಿರುವುದು ಅದೇ ದೀಪದ ಮಾತು.

ಮೂರನೆಯದು ಅಟ್ಟ. “ಅದು ಅಟ್ಟವಷ್ಟೇ, ಸಾಮಾನಿಡಲು.” ಸಾಮಾನಿಡಲು ಆದರೆ ತಕರಾರಿಲ್ಲ. ಸಂಹಿತೆಯ ಅಟ್ಟ 1.5 ಮೀಟರಿಗಿಂತ ಎತ್ತರವಿರಬಾರದು, ಅದಕ್ಕೆ ಕಾಯಂ ಮೆಟ್ಟಿಲಿರಬಾರದು. ಅದಕ್ಕಿಂತ ಮೇಲಿನದು ಮೆಜನೈನ್, ಅಂದರೆ ಒಂದು ಅಂತಸ್ತಿನೊಳಗಿನ ನಡುಮಹಡಿ: ಎತ್ತರ ಕನಿಷ್ಠ 2.2 ಮೀಟರ್, ವಿಸ್ತೀರ್ಣ ಕಟ್ಟಡದ ಪ್ಲಿಂತ್ ವಿಸ್ತೀರ್ಣದ ಮೂರನೇ ಒಂದು ಭಾಗ ಮೀರಬಾರದು. ಕಬ್ಬಿಣದ ಮೆಟ್ಟಿಲು ಹಾಕಿ, ಫ್ಯಾನ್ ತೂಗಿಸಿ, ಅಂಗಡಿಯ ಉದ್ದಗಲಕ್ಕೂ ಹಬ್ಬಿಸಿ, ಮೇಲೆ ಸೀರೆ ಮಾರುವ ಹುಡುಗಿಯರನ್ನು ಕೂರಿಸಿದ್ದು ಅಟ್ಟವೂ ಅಲ್ಲ, ಮೆಜನೈನೂ ಅಲ್ಲ. ಮದುವೆ ಸುಗ್ಗಿಯಲ್ಲಿ ಅಲ್ಲಿ ಎಷ್ಟು ಜನ ತುಂಬಿರುತ್ತಾರೆ, ಇಳಿಯಲು ಎಷ್ಟು ಮೆಟ್ಟಿಲುಗಳಿವೆ ಎಂದು ಅಲ್ಲಿ ಕೆಲಸ ಮಾಡುವವರನ್ನೇ ಕೇಳಿ.

ನಾಲ್ಕನೆಯದು ತಾರಸಿ. “ಮೇಲಿರುವುದು ತಗಡಿನ ಶೆಡ್ಡು. ತಾತ್ಕಾಲಿಕ. ಬಿಚ್ಚಿದರೆ ಬಿಚ್ಚಿತು.” ಮೆಟ್ಟಿಲ ಮೇಲಿನ ಚಿಕ್ಕ ಕೋಣೆ, ನೀರಿನ ಟ್ಯಾಂಕು, ಲಿಫ್ಟಿನ ಯಂತ್ರದ ಗೂಡು, ಇವಕ್ಕೆ ರಿಯಾಯಿತಿ ಇರುವುದು ಅಲ್ಲಿ ಜನ ಬದುಕುವುದಿಲ್ಲ ಎಂಬ ಕಾರಣಕ್ಕೆ. ಒಲೆ, ಮಂಚ, ಮೀಟರು, ಬಾಡಿಗೆ ಕರಾರು ಬಂದ ಮೇಲೆ ಆ ಕಾರಣ ಎಲ್ಲಿ ಉಳಿಯಿತು? ಸಂಹಿತೆಯ ವ್ಯಾಖ್ಯೆಯ ಎರಡನೇ ಅರ್ಧ ಇಲ್ಲಿಗೇ ಬರೆದಂತಿದೆ: ಮೇಲೆ ನೆಲ ಇಲ್ಲದಿದ್ದರೆ ಚಾವಣಿವರೆಗೆ ಅಳೆ. ಚಾವಣಿ ಕಾಂಕ್ರೀಟಿನದೇ ಇರಬೇಕೆಂದು ಅದು ಹೇಳಿಲ್ಲ. ಇವರು ಸ್ಟಿಲ್ಟಿಗೆ ‘ಗೋಡೆಯಿಲ್ಲ, ಆದ್ದರಿಂದ ಅಂತಸ್ತಲ್ಲ’ ಎಂದರು. ತಗಡಿನ ಶೆಡ್ಡಿಗೆ ಗೋಡೆ ಇದೆ. ಇಲ್ಲಿ ‘ಸ್ಲ್ಯಾಬ್ ಇಲ್ಲ, ಆದ್ದರಿಂದ ಅಂತಸ್ತಲ್ಲ’ ಎನ್ನುತ್ತಾರೆ. ಸ್ಟಿಲ್ಟಿಗೆ ಸ್ಲ್ಯಾಬ್ ಇತ್ತಲ್ಲ ಎಂದರೆ ಮತ್ತೆ ಗೋಡೆಯ ಮಾತು. ಅಳತೆಗೋಲನ್ನು ಪ್ರತಿ ಮೆಟ್ಟಿಲಿಗೂ ಬದಲಿಸುವವರ ಜೊತೆ ವಾದ ಮಾಡಬಹುದು, ಲೆಕ್ಕ ಮಾಡಲಾಗದು.

ಐದನೆಯದು ಇನ್ನಷ್ಟು ಜಾಣತನದ್ದು. “ಅಂತಸ್ತು ಎಣಿಸುವುದೇ ಹಳೆಯ ಪದ್ಧತಿ. ಎತ್ತರವೊಂದನ್ನೇ ನೋಡಿ.” ಸರಿ, ಎತ್ತರ ನೋಡೋಣ ಎಂದು ಟೇಪ್ ಹಿಡಿದರೆ, ಅದೇ ಬಾಯಿ ಹೇಳುತ್ತದೆ: “ಎತ್ತರದ್ದೇನು, ನಮ್ಮದು ಮೂರೇ ಮಹಡಿ.” ಎರಡರಲ್ಲಿ ಯಾವುದು ಬೇಕು, ಆರಿಸಿಕೊಳ್ಳಲಿ. ನಾನು ಎರಡನ್ನೂ ಕೇಳುತ್ತೇನೆ, ಕಾರಣ ಹೇಳಿ ಕೇಳುತ್ತೇನೆ. ಎತ್ತರ ಹೇಳುವುದು ಏಣಿ ಎಲ್ಲಿವರೆಗೆ ಮುಟ್ಟಬೇಕು ಎಂಬುದನ್ನು. ಅಂತಸ್ತು ಹೇಳುವುದು ಎಷ್ಟು ಜನ, ಎಷ್ಟು ಭಾರ ಒಂದರ ಮೇಲೊಂದು ಕೂತಿದೆ ಎಂಬುದನ್ನು. ಗೋದಾಮಿಗೆ 40 ಅಡಿ ಎತ್ತರದಲ್ಲಿ ಒಂದೇ ಅಂತಸ್ತು ಇರಬಹುದು. ಲಾಡ್ಜಿಗೆ ಅದೇ ಎತ್ತರದಲ್ಲಿ ನಾಲ್ಕು. ಕೊಟ್ಟೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುರುಬಸವೇಶ್ವರರ ತೇರು 2017ರ ಫೆಬ್ರುವರಿಯಲ್ಲಿ ಉರುಳಿದ್ದನ್ನು ಕಂಡವರು ಅವರು. ಎತ್ತರ, ಬುಡ, ಮೇಲಿನ ಭಾರ, ಮೂರನ್ನೂ ಒಟ್ಟಿಗೆ ನೋಡಬೇಕೆಂಬುದನ್ನು ಆ ದಿನ ಕಣ್ಣಾರೆ ಕಂಡಿದ್ದಾರೆ.

ಆರನೆಯವರು ಕಾನೂನು ಬಲ್ಲವರು. “ರಾಷ್ಟ್ರೀಯ ಸಂಹಿತೆ ಬರೀ ಸಲಹೆ, ಕಾನೂನಲ್ಲ.” ಈ ಮಾತಿನ ಮೊದಲ ಅರ್ಧವನ್ನು ಒಪ್ಪುತ್ತೇನೆ. 1970ರಲ್ಲಿ ಮೊದಲು ಬಂದು 1983, 2005, 2016ರಲ್ಲಿ ಪರಿಷ್ಕೃತವಾದ ಆ ಸಂಹಿತೆ ತಾನಾಗಿಯೇ ಯಾರನ್ನೂ ಕಟ್ಟಿಹಾಕುವುದಿಲ್ಲ. ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಉಪವಿಧಿಗಳಲ್ಲಿ ಅಳವಡಿಸಿಕೊಂಡಷ್ಟು ಅದಕ್ಕೆ ಬಲ. ಆದರೆ ಅಷ್ಟಕ್ಕೇ ಬಯಲು ಸಿಕ್ಕಿತು ಎಂದುಕೊಂಡರೆ ತಪ್ಪು. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ ಕಟ್ಟಡ ನಿರ್ಮಾಣದ ನಿಯಂತ್ರಣ ನಗರಸಂಸ್ಥೆಗಳ ಕೆಲಸಗಳ ಪಟ್ಟಿಯಲ್ಲಿ ಎರಡನೆಯದು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 187ನೇ ಪ್ರಕರಣದಂತೆ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಪುರಸಭೆಯಾಗಲಿ, ಪಟ್ಟಣ ಪಂಚಾಯಿತಿಯಾಗಲಿ, ಐದೂ ಊರು ಆ ಕಾಯ್ದೆಯ ಕೆಳಗೇ ಬರುತ್ತವೆ. ಇಷ್ಟಕ್ಕೂ, ಸಂಹಿತೆ ಬರೀ ಸಲಹೆ ಎನ್ನುವವರು ಅಟ್ಟದ ರಿಯಾಯಿತಿ, ನೀರಿನ ಟ್ಯಾಂಕಿನ ರಿಯಾಯಿತಿ ಕೇಳುವಾಗ ಯಾವ ಪುಸ್ತಕ ತೆರೆಯುತ್ತಾರೆ? ಅದನ್ನೇ. ರಿಯಾಯಿತಿಯ ಪುಟದಲ್ಲಿ ಕಾನೂನಾಗಿರುವುದು ನಿರ್ಬಂಧದ ಪುಟದಲ್ಲಿ ಸಲಹೆಯಾಗಲು ಸಾಧ್ಯವಿಲ್ಲ.

ಏಳನೆಯ ವಾದಕ್ಕೆ ನಾನು ಸಿಟ್ಟಿನಿಂದಲೇ ಉತ್ತರಿಸುತ್ತೇನೆ. “ಇವೆಲ್ಲ ಬೆಂಗಳೂರಿನ ನಿಯಮಗಳು. ನಮ್ಮಂಥ ಸಣ್ಣ ಊರಿಗೆ ಏಕೆ?” 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಸತ್ತರು. ಅದು ಬೆಂಗಳೂರಲ್ಲ. ಕೆಳಗೆ ವ್ಯವಹಾರ ನಡೆದಿತ್ತು, ಮೇಲೆ ಕೆಲಸ ಸಾಗಿತ್ತು. ಬೆಂಗಳೂರಿನದೇ ಬೇಕೆಂದರೆ ಅದೂ ಇದೆ: 1983ರ ಸೆಪ್ಟೆಂಬರ್ 12ರಂದು ನೆಲಕ್ಕುರುಳಿದ ಏಳಂತಸ್ತಿನ ಗಂಗಾರಾಮ್ ಕಟ್ಟಡ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಕುಸಿದದ್ದು ಅನುಮತಿಗಿಂತ ಹೆಚ್ಚು ಅಂತಸ್ತು ಏರಿಸಿದ ಕಟ್ಟಡ, ಸತ್ತವರು ಕೂಲಿಕಾರರು. ಬೆಂಗಳೂರಿನ ಸ್ಲ್ಯಾಬುಗಳಿಗೆ ಜಲ್ಲಿ ಹೊರುವವರು ಯಾರು? ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೋಗುವ ನಮ್ಮ ಜನರೂ ಅವರಲ್ಲಿದ್ದಾರೆ. ಅಲ್ಲಿ ಅವರ ತಲೆಯ ಮೇಲಿನ ಅಂತಸ್ತು ಎಣಿಸಬೇಕು, ಇಲ್ಲಿ ಅವರ ಮಕ್ಕಳು ಟ್ಯೂಷನ್‌ಗೆ ಹೋಗುವ ಕಟ್ಟಡದ್ದು ಬೇಡ ಎಂದರೆ ನಾನು ಒಪ್ಪುವುದಿಲ್ಲ.

ಸಣ್ಣ ಊರೆಂಬ ಕಾರಣಕ್ಕೇ ಎಣಿಕೆ ಹೆಚ್ಚು ಕಟ್ಟುನಿಟ್ಟಾಗಿರಬೇಕು. ಅಗ್ನಿಶಾಮಕ ಇಲಾಖೆ 2022ರಲ್ಲಿ ಬೆಂಗಳೂರಿಗೆ 90 ಮೀಟರ್ ಮುಟ್ಟುವ ಏಣಿಯ ವಾಹನ ತರಿಸಿತು. ಕೂಡ್ಲಿಗಿ ಅಲ್ಲಿಂದ 250 ಕಿಲೋಮೀಟರಿಗೂ ದೂರ. ಇಲ್ಲಿ ಐದನೇ ಅಂತಸ್ತಿನಲ್ಲಿ ಹೊಗೆ ತುಂಬಿದರೆ ಆ ಏಣಿ ಬರುವುದಿಲ್ಲ, ಮೆಟ್ಟಿಲೊಂದೇ ದಾರಿ. ಆ ಮೆಟ್ಟಿಲು ಎಷ್ಟು ಅಂತಸ್ತಿಗೆ, ಎಷ್ಟು ಜನಕ್ಕೆ ಎಂದು ನಕ್ಷೆಯಲ್ಲಿ ಸರಿಯಾಗಿ ಬರೆದಿರದಿದ್ದರೆ ಅದರ ಅಗಲ ನಿರ್ಧರಿಸಿದವರು ಯಾವುದನ್ನು ನೋಡಿ ನಿರ್ಧರಿಸಿದರು?

“ನಮ್ಮ ಅಜ್ಜಂದಿರು ಯಾವ ಸಂಹಿತೆ ಓದಿ ಮನೆ ಕಟ್ಟಿದರು?” ಇದು ಎಂಟನೆಯ ಪ್ರಶ್ನೆ, ಕೇಳುವವರಿಗೆ ಇದಕ್ಕೆ ಉತ್ತರವಿಲ್ಲ ಎಂಬ ಧೈರ್ಯ. ಉತ್ತರವಿದೆ. ನಮ್ಮ ಭಾಗದ ಮಾಳಿಗೆ ಮನೆಗಳ ಗೋಡೆ ಎರಡಡಿ, ಮೂರಡಿ ದಪ್ಪ. ಮೇಲೆ ತೊಲೆ, ಜಂತಿ, ಅದರ ಮೇಲೆ ಕರಲು ಮಣ್ಣಿನ ಹೊದಿಕೆ. ಮಾಳಿಗೆಯ ಮಣ್ಣು ಎಷ್ಟು ಭಾರ ಎಂದು ಕಟ್ಟಿದವರಿಗೆ ಗೊತ್ತಿತ್ತು, ಅದಕ್ಕೇ ಅದರ ಮೇಲೆ ಇನ್ನೊಂದು ಮಾಳಿಗೆ ಏರಿಸುವ ಮನೆ ವಿರಳ. ಮುಂಗಾರಿಗೆ ಮೊದಲು ಪ್ರತಿ ವರ್ಷ ಮೇಲೆ ಹತ್ತಿ ಮಣ್ಣು ಸರಿಮಾಡುತ್ತಿದ್ದರು; ಬಿಟ್ಟವರ ಮನೆ ಜಡಿಮಳೆಯಲ್ಲಿ ಕುಸಿಯುವುದನ್ನು ನಾವು ಇಂದಿಗೂ ಕಾಣುತ್ತಿದ್ದೇವೆ. ಅವರ ಸಂಹಿತೆ ಪುಸ್ತಕದಲ್ಲಿರಲಿಲ್ಲ, ಕೈಯಲ್ಲಿತ್ತು. ಒಂಬತ್ತಿಂಚಿನ ಪಿಲ್ಲರಿನ ಮೇಲೆ ನಾಲ್ಕು ಸ್ಲ್ಯಾಬ್ ಏರಿಸುವವರು ಅಜ್ಜನ ಹೆಸರು ಹೇಳಬಾರದು.

ಪುಸ್ತಕವೂ ಇತ್ತು. ಹರಪನಹಳ್ಳಿಯ ಹತ್ತಿರದ ಬಾಗಳಿಯ ಕಲ್ಲೇಶ್ವರದಂಥ ಗುಡಿಗಳನ್ನು ಎಬ್ಬಿಸಿದ ಶಿಲ್ಪಿಪರಂಪರೆ ‘ತಲ’, ಅಂದರೆ ಮಟ್ಟ, ಎಂಬ ಲೆಕ್ಕ ಬಲ್ಲದ್ದು. ಏಕತಲ, ದ್ವಿತಲ, ತ್ರಿತಲ. ‘ಮಾನಸಾರ’ ಎಂಬ ವಾಸ್ತುಗ್ರಂಥ ಹನ್ನೆರಡು ತಲಗಳವರೆಗಿನ ಗುಡಿಯ ವಿಮಾನಗಳನ್ನು ವಿವರಿಸುತ್ತದೆ. ಕೆಳಗಿನ ಪೀಠವಾದ ಅಧಿಷ್ಠಾನ ಅಧಿಷ್ಠಾನವೇ, ಅದನ್ನು ತಲಕ್ಕೆ ಸೇರಿಸುವುದಿಲ್ಲ. ನೆಲದ ಮೇಲಿನ ಮೊದಲ ಮಟ್ಟ ಒಂದನೇ ತಲ, ಅದನ್ನು ಬಿಡುವುದಿಲ್ಲ. ಮೇಲಿನ ತಲಗಳಲ್ಲಿ ಯಾರೂ ವಾಸಿಸುವುದಿಲ್ಲ, ಆದರೂ ಎಣಿಸಿದರು. ವಾಸವಿಲ್ಲದ ಮಟ್ಟವನ್ನು ಎಣಿಸಬೇಕೇ ಎಂಬ ಪ್ರಶ್ನೆಗೆ ನಮ್ಮ ನೆಲದ ಉತ್ತರ ಸಾವಿರ ವರ್ಷ ಹಳೆಯದು.

ಕೊನೆಗೆ ಉಳಿದದ್ದು ಕರುಣೆಯ ವಾದ: “ಬಡವರಿಗೆ ಹೊರೆ, ಅಧಿಕಾರಿಗಳಿಗೆ ಲಂಚದ ದಾರಿ.” ಬಡವ ಕಟ್ಟುವುದು ಒಂದಂತಸ್ತು, ಹೆಚ್ಚೆಂದರೆ ಎರಡು. ಅವನ ಮನೆಯ ಮಟ್ಟ ಎಣಿಸಲು ಬೆರಳೂ ಬೇಡ, ವಿವಾದವೂ ಇಲ್ಲ. ಅವನ ಹೆಗಲ ಮೇಲೆ ಬಂದೂಕಿಟ್ಟು ಮಾತಾಡುವವರ ಕಟ್ಟಡದಲ್ಲಿ ಸೆಲ್ಲಾರೂ ಇದೆ, ಸ್ಟಿಲ್ಟೂ ಇದೆ. ಲಂಚದ ಮಾತು ಬೇರೆ, ಅದು ನಿಜವಾದ ನೋವು. ಆದರೆ ಲಂಚ ಬೆಳೆಯುವುದು ಎಣಿಕೆ ಮಬ್ಬಾಗಿರುವಲ್ಲಿ. ಇದು ಸ್ಟಿಲ್ಟೋ ಅಂಗಡಿಯೋ, ಅಟ್ಟವೋ ಅಂತಸ್ತೋ ಎಂದು ಒಬ್ಬ ಅಧಿಕಾರಿಯ ಮನಸ್ಸಿಗೆ ಬಿಟ್ಟಾಗ ಆ ಮನಸ್ಸಿಗೆ ಬೆಲೆ ಕಟ್ಟುವವರು ಬರುತ್ತಾರೆ. ನಾಲ್ಕಡಿ ಎಂದರೆ ನಾಲ್ಕಡಿ ಎಂದಾದಾಗ ಟೇಪಿಗೆ ಲಂಚ ಕೊಡಲು ಬರುವುದಿಲ್ಲ. ಮೊದಲು ಕಟ್ಟೋಣ, ಆಮೇಲೆ ಸಕ್ರಮ ಮಾಡಿಸೋಣ ಎಂಬ ಆಸೆಯೂ ಉಳಿದಿಲ್ಲ. ಅಕ್ರಮ–ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. 2024ರ ಡಿಸೆಂಬರ್ 17ರಂದು ಮೀರತ್‌ನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ನಕ್ಷೆ ಮೀರಿದ ಕಟ್ಟಡಗಳ ಬಗ್ಗೆ ಇಡೀ ದೇಶಕ್ಕೆ ಕಟ್ಟುನಿಟ್ಟಿನ ನಿರ್ದೇಶನಗಳನ್ನು ಕೊಟ್ಟಿದೆ. ಸಾಲ ಕೊಡುವ ಬ್ಯಾಂಕು ಕಟ್ಟಡದ ಸ್ವಾಧೀನಾನುಭವ ಪ್ರಮಾಣಪತ್ರ ನೋಡಿಯೇ ಕೊಡಬೇಕು ಎಂಬುದೂ ಅವುಗಳಲ್ಲಿ ಒಂದು.

ಇಷ್ಟು ಕೇಳಿದ ಓದುಗರಲ್ಲಿ ನನ್ನದೊಂದು ಕೋರಿಕೆ. ಅಂಗಡಿ ಬಾಡಿಗೆಗೆ ಹಿಡಿಯುವ ಮೊದಲು, ಮಗುವನ್ನು ಟ್ಯೂಷನ್‌ಗೆ ಸೇರಿಸುವ ಮೊದಲು, ರೋಗಿಯನ್ನು ನರ್ಸಿಂಗ್ ಹೋಮಿನ ಮೇಲಂತಸ್ತಿಗೆ ಕಳಿಸುವ ಮೊದಲು, ಎದುರಿನ ರಸ್ತೆಯಲ್ಲಿ ನಿಂತು ಕೆಳಗಿನಿಂದ ಸ್ಲ್ಯಾಬ್ ಎಣಿಸಿ. ಹಿಂದಿನ ಓಣಿಗೂ ಹೋಗಿ ಎಣಿಸಿ. ಮಂಜೂರಾದ ನಕ್ಷೆಯ ಪ್ರತಿಯನ್ನು ನಿಮ್ಮ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಕೇಳಿ, ನಿಮ್ಮ ಎಣಿಕೆಯ ಪಕ್ಕದಲ್ಲಿಟ್ಟು ನೋಡಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರ ಕೊಡಲು ಅವರಿಗಿರುವ ಅವಧಿ 30 ದಿನ.